ಮೂರು ಮಿಣುಕು

ಟಾರ್ಚು ಚೆನ್ನಾಗಿದೆ ಎಂದು ಬರೆದವನು ನಾನೇ. ಹತ್ತೊಂಬತ್ತು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿ, ನೀರಿಗೆ ಹಾಕಿ, ಕಂಬದ ಮೇಲಿಂದ ಕೆಡವಿ, ಹೆಂಡತಿಯ ಕೈಗೂ ಕೊಟ್ಟು ನೋಡಿ ಆಮೇಲೆ ಬರೆದದ್ದು. ಹಾಗಾಗಿ ಈಗ ಟಾರ್ಚನ್ನು ಬೈಯುತ್ತ ಕೂರುವ ಹಕ್ಕು ನನಗಿಲ್ಲ. ಬೈಸಿಕೊಳ್ಳಬೇಕಾದವನ ಹೆಸರು ಜವರಯ್ಯ, ಅಂದರೆ ನಾನು.

ಮಳವಳ್ಳಿ ಕಡೆಯ ಒಂದು ಸೆಕ್ಷನ್ನಿನಲ್ಲಿ ನಾನು ಲೈನ್‌ಮ್ಯಾನ್. ಸರ್ವೀಸು ಇಪ್ಪತ್ತೊಂಬತ್ತು ವರ್ಷ. ಜವರಯ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಊರವರು ಹೇಳುತ್ತಾರೆ. ಫ್ಯೂಸು ಹೋದ ಐದು ನಿಮಿಷಕ್ಕೆ ಫೋನು ಮಾಡಿ ನನ್ನ ವಂಶವನ್ನೆಲ್ಲ ನೆನೆಯುವವರೂ ಅವರೇ ಆದ್ದರಿಂದ ಆ ಮಾತನ್ನು ನಾನು ತಲೆಗೆ ಹಚ್ಚಿಕೊಂಡಿಲ್ಲ.

ನಮ್ಮ ಸೆಕ್ಷನ್ನಿಗೆ ಎರಡು ವರ್ಷದ ಹಿಂದೆ ಇಂಜಿನಿಯರಾಗಿ ಬಂದವರು ಪ್ರಿಯಂವದಾ ಮೇಡಂ. ಮಂಡ್ಯದವರು, ಮೇಷ್ಟರ ಮಗಳು. ಅವರಿಗೆ ಯಾವುದನ್ನೂ ಬರೆಸದೆ ಬಿಟ್ಟರೆ ನಿದ್ದೆ ಬರುವುದಿಲ್ಲ. ಒಂದು ಬೆಳಿಗ್ಗೆ ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಒಂದು ಕರಿ ಕೊಳವೆಯನ್ನು ನನ್ನ ಮುಂದಿಟ್ಟರು.

"ಜವರಯ್ಯನವರೇ, ಇದು ಚಾರ್ಜ್ ಮಾಡೋ ಟಾರ್ಚು. ದಿನಾ ಜೊತೆಗಿಟ್ಟುಕೊಂಡು ನೋಡಿ. ಸರಿಯಾಗಿದ್ದರೆ ಹನ್ನೆರಡು ಜನಕ್ಕೂ ತರಿಸೋಣ. ಸುಮ್ಮನೆ ಚೆನ್ನಾಗಿದೆ ಅಂತ ಬರೀಬೇಡಿ. ಯಾವುದಕ್ಕೆ ಆಗುತ್ತೆ, ಯಾವುದಕ್ಕೆ ಆಗೋಲ್ಲ, ಎರಡನ್ನೂ ಬರೀರಿ."

"ಇದು ಬ್ಯಾಟ್ರಿನಾ ಮೇಡಂ, ಇಲ್ಲ ಸೇದಿ ಬಿಸಾಕಿದ್ ಬೀಡಿ ತುಂಡಾ?" ಎಂದೆ. ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಎಂದೇ ಹೇಳುವುದು. ಸುತ್ತ ಇದ್ದವರು ನಕ್ಕರು. ಮೇಡಂ ನಗಲಿಲ್ಲ, ಒಂದು ನೋಟ್‌ಬುಕ್ಕನ್ನೂ ಕೈಗೆ ಕೊಟ್ಟು ಹೋದರು.

ನನ್ನ ಹತ್ತಿರ ಇದ್ದದ್ದು ಮೂರು ಸೆಲ್ಲಿನ ಉದ್ದನೆಯ ಸ್ಟೀಲ್ ಬ್ಯಾಟ್ರಿ. ಬ್ಲಫ್ ಎಂಬ ಊರಿನ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದ ನಮ್ಮ ಮಾವ ರಿಟೈರಾದಾಗ ಕೊಟ್ಟದ್ದು. ಅದರಲ್ಲಿ ಬೆಳಕೂ ಬರುತ್ತಿತ್ತು, ನಾಯಿ ಬಂದರೆ ಎರಡು ಬಿಡುವುದಕ್ಕೂ ಆಗುತ್ತಿತ್ತು. ಅದನ್ನು ಬಿಟ್ಟು ಈ ತುಂಡನ್ನು ಇಟ್ಟುಕೋ ಎಂದರೆ ಯಾರಿಗೆ ತಾನೇ ಉರಿಯುವುದಿಲ್ಲ? ಇದರ ಹುಳುಕು ಹುಡುಕಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ಮೊದಲ ದಿನ ರಾತ್ರಿಯೆಲ್ಲ ಕೊಳಗದ ನೀರಿನಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಒತ್ತಿದರೆ ಹತ್ತಿಕೊಂಡಿತು. ಮೂರನೇ ದಿನ ಕಂಬದ ಅರ್ಧದಿಂದ ಕಲ್ಲಿನ ಮೇಲೆ ಕೆಡವಿದೆ. ಮೂತಿ ಒಂದು ಚೂರು ನಗ್ಗಿತು, ಬೆಳಕಿಗೆ ಏನೂ ಆಗಲಿಲ್ಲ. ಹಿಂಬದಿಯಲ್ಲಿ ಅಯಸ್ಕಾಂತ, ಮೀಟರ್ ಬೋರ್ಡಿಗೆ ಅಂಟಿಸಿದರೆ ಎರಡು ಕೈಯೂ ಬಿಡುವು. ಪಕ್ಕದಲ್ಲಿ ಕ್ಲಿಪ್ಪು, ಟೋಪಿಯ ಅಂಚಿಗೆ ಸಿಕ್ಕಿಸಿದರೆ ಕತ್ತು ತಿರುಗಿದ ಕಡೆ ಬೆಳಕು. ಜೋರು ಬೆಳಕಿನಲ್ಲಿ ಅರ್ಧ ಕಿಲೋಮೀಟರ್ ಆಚೆಯ ತೆಂಗಿನ ಮರದ ಗರಿ ಎಣಿಸಬಹುದಿತ್ತು. ನನ್ನ ಹೆಂಡತಿ ದೇವಿರಮ್ಮ ಹಸುವಿನ ಬಾಯಿಗೆ ಸಿಕ್ಕಿಕೊಂಡ ಮುಳ್ಳನ್ನು ಇದರ ಬೆಳಕಿನಲ್ಲೇ ತೆಗೆದಳು. "ಆ ದೊಣ್ಣೆ ಯಾರ್ಗಾರ ಕೊಟ್ಬುಡಿ, ಇದು ಮನೇಲಿರ್ಲಿ" ಎಂದಳು.

ಹತ್ತನೇ ದಿನದ ಹೊತ್ತಿಗೆ ನಾನು ಸೋತಿದ್ದೆ. ಸೋತದ್ದು ಯಾರಿಗೂ ಗೊತ್ತಾಗದಿರಲಿ ಎಂದು ಬೈದುಕೊಂಡೇ ಬರೆಯುತ್ತಿದ್ದೆ. ಹನ್ನೆರಡನೇ ದಿನ ಬರೆದದ್ದು ಹೀಗಿದೆ: "ಚಾರ್ಜು ಮುಗಿಯುವ ಮೊದಲು ತಾನೇ ಮೂರು ಸಲ ಮಿಣುಕುತ್ತದೆ. ಆಮೇಲೆ ಬೆಳಕು ಬಹಳ ಸಣ್ಣಗಾಗಿ, ಸುಮಾರು ಹೊತ್ತು ಹಾಗೇ ಇರುತ್ತದೆ. ಒಮ್ಮೆಗೇ ಕೈಕೊಡುವುದಿಲ್ಲ. ಒಳ್ಳೆಯ ಗುಣ." ಒಳ್ಳೆಯ ಗುಣ ಎಂಬುದರ ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಉದ್ದನೆಯ ಬ್ಯಾಟ್ರಿಯನ್ನು ಮಹದೇವುಗೆ ಕೊಟ್ಟೆ. ಮಹದೇವು ನನ್ನ ಜೊತೆಗಾರ, ಹದಿನಾರು ವರ್ಷದಿಂದ ಒಂದೇ ಬೈಕಿನಲ್ಲಿ ತಿರುಗುತ್ತಿದ್ದೇವೆ. ಮಾತು ಕಡಿಮೆ, ಕೆಲಸ ನಿಧಾನ, ಪ್ರತಿಯೊಂದನ್ನೂ ಎರಡೆರಡು ಸಲ ನೋಡುವವನು. ಅವನನ್ನು ರೇಗಿಸದೆ ನನಗೆ ಒಂದು ದಿನವೂ ಕಳೆಯುವುದಿಲ್ಲ. ಅವನು ಹೀಗಾದದ್ದಕ್ಕೆ ಒಂದು ಕಾರಣವಿದೆ, ಅದನ್ನು ಇಲ್ಲಿ ಹೇಳಲೇಬೇಕು.

ಹೊಲದ ಮಧ್ಯದ ಲೈನಿನಲ್ಲಿ ಕೆಲಸ ಮಾಡುವಾಗ, ದೂರದ ಜೋಡಿಕಂಬದಲ್ಲಿರುವ ಸ್ವಿಚ್ಚಿನ ಹಿಡಿಕೆಯನ್ನು ಕೆಳಗೆ ಎಳೆದು ಲೈನಿನ ಕರೆಂಟು ಕಡಿಯುತ್ತೇವೆ. ಒಬ್ಬ ಅಲ್ಲೇ ಕಾವಲು ನಿಲ್ಲುತ್ತಾನೆ, ಇನ್ನೊಬ್ಬ ಹೋಗಿ ಕಂಬ ಹತ್ತುತ್ತಾನೆ. ಹಿಂದೆಲ್ಲ ಕೆಲಸ ಮುಗಿಸಿ ಇಳಿದವನು ಬ್ಯಾಟ್ರಿಯನ್ನು ಮೂರು ಸಲ ಮಿಣುಕಿಸಿ ಆರಿಸುತ್ತಿದ್ದ. ಅದನ್ನು ನೋಡಿ ಕಾವಲಿನವನು ಹಿಡಿಕೆ ಎತ್ತಿ ಲೈನು ಚಾರ್ಜು ಮಾಡುತ್ತಿದ್ದ, ಅಂದರೆ ಕರೆಂಟು ಬಿಡುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ನಮ್ಮ ಸೆಕ್ಷನ್ನಿನದೇ ಲೈನ್‌ಮ್ಯಾನ್ ಕರಿಯಯ್ಯ ಕಂಬದ ಮೇಲಿದ್ದ, ಮಹದೇವು ಹಿಡಿಕೆಯ ಹತ್ತಿರ ಇದ್ದ. ಕಬ್ಬಿನ ಆಚೆ ಏರಿಯ ಮೇಲೆ ಯಾರದೋ ಬೈಕು ಹೋಯಿತು. ಅದರ ದೀಪ ಕಬ್ಬಿನ ಸಂದಿಯಲ್ಲಿ ಮೂರು ಸಲ ಮಿನುಗಿ ಮರೆಯಾಯಿತು. ಮಹದೇವು ಹಿಡಿಕೆ ಎತ್ತಿದ.

ಕರಿಯಯ್ಯ ಉಳಿದ, ಬಲಗೈ ಮೊಣಕೈವರೆಗೆ ಹೋಯಿತು. ಈಗ ಮದ್ದೂರು ಬಸ್ ನಿಲ್ದಾಣದ ಹತ್ತಿರ ಮಗಳ ಟೀ ಅಂಗಡಿಯಲ್ಲಿ ಕೂರುತ್ತಾನೆ. ಮದ್ದೂರಿನ ಮೇಲೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ಮಹದೇವು ಆಚೆ ಬದಿಯ ಸೀಟು ಹುಡುಕಿಕೊಂಡು ಕೂರುವುದನ್ನು ನಾನು ನೋಡಿದ್ದೇನೆ.

ಅದಾದ ಮೇಲೆ ಮೇಲಿನವರು ಕಳಿಸಿದ ಸುತ್ತೋಲೆಗಳು ಎಷ್ಟೋ. ನಮ್ಮ ಸೆಕ್ಷನ್ನಿನವರು ನಾವೇ ಮಾಡಿಕೊಂಡ ಪದ್ಧತಿ ಒಂದೇ. ಹಿಡಿಕೆ ಎಳೆದ ಮೇಲೆ ಅದಕ್ಕೆ ಬೀಗ ಹಾಕಬೇಕು, ಅದರ ಕೀಯನ್ನು ಕಂಬ ಹತ್ತುವವನು ಉಡುದಾರಕ್ಕೆ ಕಟ್ಟಿಕೊಂಡು ಹೋಗಬೇಕು. ಅವನು ಇಳಿದು ಬಂದು ಕೀ ಕೊಡುವವರೆಗೆ ಯಾರು ಏನೇ ಕಂಡರೂ ಹಿಡಿಕೆ ಮೇಲೇಳುವಂತಿಲ್ಲ. ಹನ್ನೊಂದು ವರ್ಷ ಇದು ಒಂದು ದಿನವೂ ತಪ್ಪಿರಲಿಲ್ಲ.

ತಪ್ಪಿಸಿದವನು ನಾನು.

ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಗಾಳಿ ಮಳೆ ಬಂದು ನಮ್ಮೂರ ಕಡೆಯ ಲೈನೆಲ್ಲ ಹಾಳಾಯಿತು. ಮಾರನೇ ದಿನ ಬೆಳಿಗ್ಗೆಯಿಂದ ಕಂಬ ಎತ್ತಿ, ತಂತಿ ಎಳೆದು, ಹಳ್ಳದ ಟ್ರಾನ್ಸ್‌ಫಾರ್ಮರಿನ ಹತ್ತಿರ ಬರುವಷ್ಟರಲ್ಲಿ ಆರೂವರೆ. ಉಳಿದದ್ದು ಅದೊಂದೇ. ಟ್ರಾನ್ಸ್‌ಫಾರ್ಮರ್ ಕಂಬದ ಮೇಲೆ, ಮುಖ್ಯ ತಂತಿಯಿಂದ ಕೆಳಕ್ಕೆ ಬರುವ ಜಂಪರ್ ಎಂಬ ತುಂಡು ತಂತಿ ಕಿತ್ತುಹೋಗಿತ್ತು. ಹತ್ತು ಹದಿನೈದು ನಿಮಿಷದ ಕೆಲಸ. ಆದರೆ ಜೋಡಿಕಂಬ ಇರುವುದು ರಸ್ತೆಯ ಬದಿಗೆ, ಟ್ರಾನ್ಸ್‌ಫಾರ್ಮರ್ ಇರುವುದು ಕಬ್ಬಿನ ಗದ್ದೆಗಳ ಆಚೆ. ಬದುವಿನ ಮೇಲೆ ನಡೆದೇ ಹೋಗಬೇಕು, ಮಳೆಯಲ್ಲಿ ನೆನೆದ ಬದು. ಹೋಗುವುದಕ್ಕೆ ಹದಿನೈದು ನಿಮಿಷ, ಬರುವುದಕ್ಕೆ ಹದಿನೈದು. ಆ ತಗ್ಗಿನಲ್ಲಿ ಫೋನಿಗೆ ಟವರೂ ಸಿಗುವುದಿಲ್ಲ.

ಮಹದೇವು ಹಿಡಿಕೆ ಎಳೆದು ಬೀಗ ಹಾಕಿ ಕೀಯನ್ನು ನನ್ನ ಕಡೆ ಚಾಚಿದ. ನಾನು ಅದನ್ನು ತೆಗೆದುಕೊಂಡು ತಿರುಗಿ ಅವನ ಅಂಗೈಯಲ್ಲೇ ಇಟ್ಟೆ.

"ಇವತ್ತು ನಿನ್ ತಾವ್ಲೇ ಇರ್ಲಿ ಕಣ್ಲಾ. ಕೆಲ್ಸ ಮುಗ್ಸಿ ಇಳುದ್ಬುಟ್ಟು ಮೂರ್ ಸತಿ ಮಿಣುಕ್ಸಿ ಆರುಸ್ತೀನಿ. ನೀನು ಎತ್ಬುಡು."

"ಬ್ಯಾಡ ಕಣಣ್ಣ. ಕೀ ಕಂಬ ಅತ್ತೋನ್ ತಾವ್ ಇರ್ಬೇಕು."

"ಅದು ಬೈಕಿನ್ ಲೈಟ್ಗೂ ಬ್ಯಾಟ್ರಿಗೂ ವ್ಯತ್ಯಾಸ ಗೊತ್ತಾಗ್ದೇ ಇದ್ದ ಕಾಲ್ದಲ್ಲಿ. ಇದ್ರ ಬೆಳಕ್ ನೋಡ್ಲಾ. ಇದ್ನ ಯಾವನಾರ ಬೈಕು ಅನ್ಕಂಡಾನಾ?"

"ಅಂಗಲ್ಲ ಜವರಣ್ಣ. ನಾನೇ ಬಂದು ಕೀ ಇಸ್ಕೊಂಡ್ ಓಯ್ತೀನಿ ಬುಡು."

"ಬಂದು ಓಗೋ ಒತ್ಗೆ ಇನ್ನರ್ಧ ಗಂಟೆ. ಊರೋರು ನಿನ್ನೆಯಿಂದ ಕತ್ಲಲ್ಲಿ ಕುಂತವ್ರೆ. ನಿನ್ ಪುಕ್ಲುತನಕ್ಕೆ ಅವ್ರೆಲ್ಲ ಕಾಯ್ಬೇಕಾ? ಅನ್ನೊಂದ್ ವರ್ಸದಿಂದ ಇದೇ ಆಯ್ತು ನಿಂದು."

ಆಡಬಾರದಿತ್ತು. ಆಡಿದ ತಕ್ಷಣ ನನಗೇ ಗೊತ್ತಾಯಿತು, ಆದರೆ ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ. ನಾನು ಬಗ್ಗಿ ಪ್ಯಾಂಟು ಮಡಿಸಿಕೊಳ್ಳುತ್ತಿದ್ದೆ. ಮಹದೇವು ನನ್ನ ಸಾಮಾನಿನ ಚೀಲವನ್ನು ಎತ್ತಿಕೊಂಡು, "ಬಾಯಿ ಬಿಚ್ಕೊಂಡದೆ ನೋಡು" ಎಂದು ಗಂಟು ಹಾಕಿ ನನ್ನ ಹೆಗಲಿಗೆ ಏರಿಸಿದ. ನಾನು ನಡೆದೆ. ನಡೆಯುತ್ತ, ಇದನ್ನೂ ವರದಿಯಲ್ಲಿ ಬರೆಯಬೇಕು, ಈ ಬೆಳಕಿದ್ದರೆ ಕೀಗಾಗಿ ಓಡಾಡುವುದು ತಪ್ಪುತ್ತದೆ, ಮೇಡಂಗೆ ಖುಷಿಯಾಗುತ್ತದೆ ಎಂದೆಲ್ಲ ಲೆಕ್ಕ ಹಾಕಿಕೊಂಡೆ.

ಕಂಬ ಹತ್ತಿ, ಬೆಲ್ಟನ್ನು ಕಂಬಕ್ಕೆ ಸುತ್ತಿ ಕೊಕ್ಕೆ ಹಾಕಿ, ಚೀಲವನ್ನು ಪಕ್ಕದ ಕಬ್ಬಿಣಕ್ಕೆ ನೇತುಹಾಕಿದೆ. ಲೈನು ಸತ್ತಿದೆ ಎಂದು ಗೊತ್ತಿದ್ದರೂ ತಂತಿಯನ್ನು ನೆಲಕ್ಕೆ ಜೋಡಿಸುವ ಸಲಾಕೆ ಒಂದಿರುತ್ತದೆ, ತಪ್ಪಿ ಕರೆಂಟು ಬಂದರೂ ನೆಲಕ್ಕೆ ಹೋಗಲೆಂದು ಅದನ್ನು ಹಾಕಬೇಕು. ಹಾಕಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅದು ಮೂರು ಮೈಲಿ ಹಿಂದೆ ಬೆಳಗಿನ ಕಂಬದ ಬುಡದಲ್ಲೇ ಉಳಿದಿತ್ತು, ತರುವುದಕ್ಕೆ ನನಗೆ ಸೋಮಾರಿತನ. ಟೋಪಿಯ ಅಂಚಿಗೆ ಟಾರ್ಚು ಸಿಕ್ಕಿಸಿ ಜೋರು ಬೆಳಕು ಒತ್ತಿದೆ. ಮುಖ ಜೋಡಿಕಂಬದ ಕಡೆಗಿತ್ತು. ಅಲ್ಲಿಂದ ಮಹದೇವುಗೆ ನನ್ನ ಬೆಳಕು ಚುಕ್ಕಿಯಾಗಿ ಕಾಣುತ್ತಿತ್ತು, ಇಲ್ಲಿಂದ ನನಗೆ ಅವನ ಉದ್ದನೆಯ ಬ್ಯಾಟ್ರಿಯ ಹಳದಿ ಬೆಳಕು.

ಹಳೆಯ ತಂತಿಯ ತುದಿ ಕತ್ತರಿಸಿ, ಹೊಸದನ್ನು ಬಗ್ಗಿಸಿ, ಎರಡು ಕೈಯಲ್ಲೂ ಮುಖ್ಯ ತಂತಿಯನ್ನು ಹಿಡಿದು ಸುತ್ತುತ್ತಿದ್ದೆ. ಆಗ ಕಣ್ಣ ಮುಂದಿನ ಬೆಳಕು ಮಿಣುಕಿತು.

ಒಂದು. ಎರಡು. ಮೂರು. ಆಮೇಲೆ ನನ್ನ ಬೆರಳೇ ನನಗೆ ಕಾಣದಷ್ಟು ಸಣ್ಣಗಾಯಿತು.

ಮೊದಲು ನನಗೆ ಬಂದದ್ದು ಸಿಟ್ಟು. ನಿನ್ನೆಯಿಂದ ಊರಿಗೇ ಕರೆಂಟಿಲ್ಲ, ಇದಕ್ಕೆ ಚಾರ್ಜು ಎಲ್ಲಿಂದ ಮಾಡುವುದು, ಹಾಳಾದ್ದು ಈಗಲೇ ಕೈಕೊಡಬೇಕಾ ಎಂದುಕೊಂಡೆ. ಆ ಮಾತು ಮನಸ್ಸಿನಲ್ಲಿ ಮುಗಿಯುವ ಮೊದಲೇ ಇನ್ನೊಂದು ಅರ್ಥವಾಯಿತು. ಮೂರು ಸಲ ಮಿಣುಕಿ ಆರಿದೆ. ಅರ್ಧ ಕಿಲೋಮೀಟರ್ ಆಚೆ ನಿಂತವನಿಗೆ ನಾನು ಹೇಳಿಬಂದದ್ದು ಅದನ್ನೇ. ಹನ್ನೆರಡನೇ ದಿನ ಗೆರೆ ಎಳೆದು ಬರೆದದ್ದೂ ಅದನ್ನೇ. ಎರಡೂ ನನ್ನ ತಲೆಯಲ್ಲೇ ಇದ್ದವು. ಒಂದಕ್ಕೊಂದು ಕೂಡಿಸಿ ನೋಡಲು ನಾನು ಕಂಬದ ಮೇಲಕ್ಕೇ ಬರಬೇಕಾಯಿತು.

"ಮಾದೇವೂ, ಎತ್ಬ್ಯಾಡ ಕಣ್ಲಾ" ಎಂದು ಕೂಗಿದೆ. ಪಕ್ಕದ ಗದ್ದೆಯಾಚೆ ಆಲೆಮನೆಯಲ್ಲಿ ಡೀಸೆಲ್ ಇಂಜಿನ್ನಿಟ್ಟು ಕಬ್ಬು ಅರೆಯುತ್ತಿದ್ದರು. ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ. ಟಾರ್ಚನ್ನು ಕಿತ್ತು ಗುಂಡಿ ಒತ್ತಿದೆ, ಮತ್ತೆ ಒತ್ತಿದೆ, ಹಿಡಿದು ಒತ್ತಿದೆ. ಅದೇ ಸಣ್ಣ ಬೆಳಕು. ಅದನ್ನೇ ಅತ್ತಿತ್ತ ಬೀಸಿದೆ. ಹತ್ತು ಮಾರು ಆಚೆಗೂ ಕಾಣದ ಬೆಳಕನ್ನು ಅರ್ಧ ಕಿಲೋಮೀಟರಿಗೆ ಬೀಸುತ್ತಿದ್ದೆ.

ಆ ಹೊತ್ತಿಗೆ ಜೋಡಿಕಂಬದ ಹತ್ತಿರದ ಹಳದಿ ಬೆಳಕು ಅಲುಗಿತು. ಮೇಲಿದ್ದದ್ದು ಕೆಳಗೆ ಇಳಿಯಿತು, ಬೀಗ ಇರುವ ಎತ್ತರಕ್ಕೆ. ಅಲ್ಲೇ ನಿಂತಿತು.

ಬೀಗ ತೆಗೆಯಲು ಅರ್ಧ ನಿಮಿಷ. ಹಿಡಿಕೆ ಎತ್ತಲು ಅದರ ಅರ್ಧ. ಎಲ್ಲವನ್ನೂ ಎರಡೆರಡು ಸಲ ನೋಡುವ ಮಹದೇವುಗೆ ಒಂದು ನಿಮಿಷ ಎಂದೇ ಇಟ್ಟುಕೊಳ್ಳಿ. ನಾನು ತಂತಿ ಬಿಟ್ಟೆ. ಆದರೆ ತಂತಿ ಬಿಟ್ಟರೆ ಸಾಲದು, ಅವುಗಳ ಮಧ್ಯದಿಂದ ಕೆಳಗೆ ಬರಬೇಕು, ಬರಬೇಕೆಂದರೆ ಬೆಲ್ಟಿನ ಕೊಕ್ಕೆ ಬಿಚ್ಚಬೇಕು. ಕೊಕ್ಕೆಯ ಮೇಲೆ ನನ್ನ ಭಾರವೆಲ್ಲ ಬಿದ್ದಿತ್ತು. ಅದನ್ನು ಸಡಿಲಿಸಲು ಮೇಲಿನ ಕಬ್ಬಿಣ ಹಿಡಿದು ಮೈಯನ್ನು ಎತ್ತಬೇಕು, ಕಬ್ಬಿಣದ ಪಕ್ಕದಲ್ಲೇ ತಂತಿ. ಒಂದು ಕೈ ಅಲ್ಲಿಟ್ಟು ಎತ್ತಿದೆ. ಮಳೆ ನೀರಿನಿಂದ ಕಬ್ಬಿಣ ಜಾರಿತು, ಮತ್ತೆ ಕೊಕ್ಕೆ ಬಿಗಿಯಿತು. ಇನ್ನೊಮ್ಮೆ ಎತ್ತಿದೆ. ಬೆರಳಿಗೆ ಕೊಕ್ಕೆಯ ನಾಲಿಗೆ ಸಿಕ್ಕಿತು, ಒತ್ತಲು ಬಲ ಬರಲಿಲ್ಲ. ನಾನು ಅಳುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಿಲ್ಲ. ದೇವಿರಮ್ಮನ ಮುಖ ನೆನಪಾಗಲಿಲ್ಲ, ದೇವರೂ ನೆನಪಾಗಲಿಲ್ಲ. ಕರಿಯಯ್ಯನ ಅಂಗಿಯ ಬಲತೋಳನ್ನು ಮಡಿಸಿ ಪಿನ್ನು ಹಾಕಿರುತ್ತಾರಲ್ಲ, ಆ ಪಿನ್ನು ನೆನಪಾಯಿತು. ಆಮೇಲೆ ಇನ್ನೂ ಕೆಟ್ಟದ್ದೊಂದು ಹೊಳೆಯಿತು. ನಾನು ಸತ್ತರೆ ಮಹದೇವುಗೆ ಇದು ಎರಡನೆಯದು.

ಮೂರನೇ ಸಲ ಹಲ್ಲು ಕಚ್ಚಿ ಎತ್ತಿದಾಗ ಕೊಕ್ಕೆ ಬಿಚ್ಚಿಕೊಂಡಿತು. ಇಳಿಯುವ ವ್ಯವಧಾನ ಇರಲಿಲ್ಲ. ಎರಡು ಹೆಜ್ಜೆ ಜಾರಿ ಕೈಬಿಟ್ಟೆ. ಗದ್ದೆಯ ಕೆಸರಿಗೆ ಬಿದ್ದೆ, ಬಲಗಾಲ ಹರಡಿನಲ್ಲಿ ಲಟಕ್ ಎಂದಿತು. ನೋವು ಗೊತ್ತಾಗಲಿಲ್ಲ. ಅಲ್ಲೇ ಮಲಗಿ ಟ್ರಾನ್ಸ್‌ಫಾರ್ಮರಿನ ಗುಂಯ್ ಎಂಬ ಸದ್ದಿಗೆ ಕಿವಿಗೊಟ್ಟೆ. ಅದು ಬಂದರೆ ಲೈನು ಚಾರ್ಜಾಯಿತು ಎಂದರ್ಥ.

ಬರಲಿಲ್ಲ. ನೂರರವರೆಗೆ ಎಣಿಸಿದೆ, ಇನ್ನೊಮ್ಮೆ ನೂರು ಎಣಿಸಿದೆ. ಊರ ಕಡೆ ಒಂದು ದೀಪವೂ ಹತ್ತಲಿಲ್ಲ. ನಾನು ಕೊಕ್ಕೆಯ ಜೊತೆ ಒದ್ದಾಡಿದ್ದೇ ಮೂರು ನಾಲ್ಕು ನಿಮಿಷವಾಗಿತ್ತು. ಅವನು ಹಿಡಿಕೆ ಎತ್ತಿದ್ದರೆ ನಾನು ಮೇಲೇ ಮುಗಿಯಬೇಕಿತ್ತು. ಯಾಕೆ ಎತ್ತಲಿಲ್ಲ ಎಂಬುದು ತಲೆಗೆ ಹೋಗಲಿಲ್ಲ.

ಹಳದಿ ಬೆಳಕು ಬದುವಿನ ಮೇಲೆ ನಿಧಾನವಾಗಿ ಬಂತು. ಪ್ಯಾಂಟನ್ನು ಮಂಡಿಯವರೆಗೆ ಮಡಿಸಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದಿದ್ದ ಮಹದೇವು, ಕೆಸರಿನಲ್ಲಿದ್ದ ನನ್ನನ್ನು ನೋಡಿ ಚಪ್ಪಲಿ ಬಿಸಾಡಿ ಓಡಿಬಂದ.

"ಏನಾಯ್ತಣ್ಣ? ಬಿದ್ಯಾ?"

"ಮಿಣುಕಿದ್ದು ಕಾಣ್ಲಿಲ್ವಾ ನಿಂಗೆ?"

"ಕಾಣ್ತು. ಅದ್ಕೇ ಬಂದೆ."

"ಯಾಕ್ ಎತ್ಲಿಲ್ಲ?"

"ಕೀ ಇಲ್ದೆ ಎಂಗ್ ಎತ್ಲಿ? ಇಸ್ಕೊಂಡ್ ಓಗಾನ ಅಂತ ಬಂದೆ."

"ಕೀ ನಿಂಗ್ ಕೊಟ್ಟಿದ್ನಲ್ಲೋ."

ಮಹದೇವು ತಲೆ ತಗ್ಗಿಸಿದ. "ನೀನ್ ಕೊಟ್ಟಿದ್ದೆ. ಚೀಲ ಕಟ್ವಾಗ ನಾನು ಅದ್ರೊಳಿಕೇ ಆಕ್ಬುಟ್ಟೆ. ಮೇಲೊಬ್ಬ ಇರ್ವಾಗ ಅದ್ನ ಕೈಲಿ ಇಟ್ಕೊಂಡು ನಿಂತ್ಕೊಳಾಕೆ ನನ್ ಕೈಲಿ ಆಗಕಿಲ್ಲ ಕಣಣ್ಣ. ಬಯ್ಯಂಗಿದ್ರೆ ಬಯ್ಯಿ."

ನಾನು ಮೇಲೆ ನೋಡಿದೆ. ಚೀಲ ಇನ್ನೂ ಕಂಬದ ಮೇಲೆ, ನಾನು ನೇತುಹಾಕಿದ ಕಡೆಯೇ ಇತ್ತು. ನಾನು ಕೂಗಿ, ಅತ್ತು, ಟಾರ್ಚು ಬೀಸಿದ ಹೊತ್ತೆಲ್ಲ ಕೀ ನನ್ನ ಮೊಣಕೈಯ ಪಕ್ಕದಲ್ಲಿತ್ತು. ನನಗೆ ಕಂಡ ಹಳದಿ ಬೆಳಕು ತಗ್ಗಿ ಬೀಗದ ಎತ್ತರದಲ್ಲಿ ನಿಂತದ್ದು, ಅವನು ಬಗ್ಗಿ ಪ್ಯಾಂಟು ಮಡಿಸಿಕೊಳ್ಳುತ್ತಿದ್ದಾಗ. ಬಯ್ಯಲು ಬಾಯಿ ತೆರೆದೆ. ಬಂದದ್ದು ಬೈಗುಳವಲ್ಲ. ಅವನ ಕೆಸರು ಕಾಲನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಅವನಿಗೆ ಗಾಬರಿಯಾಗಿ, "ಕಾಲು ಮುರಿದಿರ್ಬೇಕು, ಆಸ್ಪತ್ರೆಗ್ ಓಗಾನ" ಎಂದು ಮತ್ತೆ ಮತ್ತೆ ಹೇಳಿದ.

"ಮೊದ್ಲು ಜಂಪರು ಕಟ್ಟು. ಅತ್ತೇ ನಿಮಿಸದ್ ಕೆಲ್ಸ" ಎಂದೆ. ಅವನು ಹತ್ತಿದ. ಹತ್ತಿದ ಮೇಲೆ ಮೊದಲು ಚೀಲ ಬಿಚ್ಚಿ ಕೀ ತೆಗೆದು, ಅಂಗಿ ಎತ್ತಿ ಉಡುದಾರಕ್ಕೆ ಕಟ್ಟಿಕೊಂಡ. ಆಮೇಲೆ ತಂತಿ ಮುಟ್ಟಿದ. ನಾನು ಕೆಸರಿನಲ್ಲಿ ಕೂತು ನಮ್ಮ ಮಾವನ ಬ್ಯಾಟ್ರಿಯ ಬೆಳಕು ಬಿಟ್ಟೆ.

ಮಾರನೇ ದಿನ ಮದ್ದೂರಿನ ಮೂಳೆ ಡಾಕ್ಟರ ಹತ್ತಿರ ಹೋಗಲು ಮೇಡಂ ಜೀಪು ತಂದರು. ಮಹದೇವುವೂ ಬಂದ. ದಾರಿಯಲ್ಲಿ ನೋಟ್‌ಬುಕ್ಕು ಕೊಟ್ಟೆ. ರಾತ್ರಿಯೇ ಕೊನೆಯ ಪುಟ ಬರೆದಿದ್ದೆ. ಜೇಬಿಗೆ, ಮೀಟರಿಗೆ, ಮನೆಗೆ ಈ ಟಾರ್ಚು ಚೆನ್ನಾಗಿದೆ, ಸನ್ನೆಗೆ ಆಗುವುದಿಲ್ಲ, ಯಾವ ಬೆಳಕೂ ಆಗುವುದಿಲ್ಲ ಎಂದು ಬರೆದು, ಕೀಯನ್ನು ಕೊಟ್ಟದ್ದು, ಸಲಾಕೆ ಹಾಕದ್ದು, ಆಡಿದ ಮಾತು, ಎಲ್ಲವನ್ನೂ ಸೇರಿಸಿದ್ದೆ. ಮೇಡಂ ಓದಿ ನೋಟ್‌ಬುಕ್ಕು ಮಡಿಸಿ ತಮ್ಮ ಬ್ಯಾಗಿಗೆ ಹಾಕಿಕೊಂಡರು.

"ಇದನ್ನ ನಾನು ಮೇಲಕ್ಕೆ ಕಳಿಸಲೇಬೇಕು. ನಿಮಗೆ ನೋಟೀಸು ಬರುತ್ತೆ ಜವರಯ್ಯನವರೇ."

"ಬರ್ಲಿ ಮೇಡಂ. ಉತ್ರ ಬರೆಯಾಕೆ ನಾನು ಬದುಕಿವ್ನಲ್ಲ."

ಪ್ಲಾಸ್ಟರು ಹಾಕಿಸಿಕೊಂಡು ಬರುವಾಗ ಬಸ್ ನಿಲ್ದಾಣದ ಹತ್ತಿರ ಮಹದೇವು ಜೀಪು ನಿಲ್ಲಿಸಲು ಹೇಳಿದ. ಅವನು ನನ್ನನ್ನು ಹಿಡಿದು ಇಳಿಸಿಕೊಂಡು ಕರಿಯಯ್ಯನ ಅಂಗಡಿಯವರೆಗೂ ನಡೆಸಿದ. ಅಂಗಡಿಯ ಮುಂದೆ ಬಂದ ಮೇಲೆ ಅವನು ನನ್ನ ಹಿಂದೆ ನಿಂತುಕೊಂಡ.

ಕರಿಯಯ್ಯ ನನ್ನ ಕಾಲನ್ನು ನೋಡಿದ. ನಾನು ಕಂಬದಿಂದ ಬಿದ್ದೆ ಎಂದೆ. ಅವನು ಒಂದೇ ಕೇಳಿದ.

"ಕೀ ಯಾರ್ ತಾವಿತ್ತು?"

"ನಾನು ಇವನ್ಗೆ ಕೊಟ್ಟಿದ್ದೆ ಕಣೋ" ಎಂದೆ. "ಇವ್ನು ನಂಗೇ ಗೊತ್ತಾಗ್ದಂಗೆ ನನ್ ಚೀಲ್ದೊಳಿಕೆ ವಾಪಸ್ ಆಕ್ಬುಟ್ಟಿದ್ದ. ಅದ್ಕೇ ಬರೀ ಕಾಲಲ್ಲಿ ಓಯ್ತು."

ಕರಿಯಯ್ಯ ನನ್ನ ಹೆಗಲಿನ ಮೇಲಿಂದ ಮಹದೇವುವನ್ನು ನೋಡಿದ. ಆಮೇಲೆ ಎಡಗೈಯಿಂದ ಒಂದು ಸ್ಟೂಲನ್ನು ಮುಂದಕ್ಕೆ ಎಳೆದ.

"ಬಾ ಮಾದೇವು, ಕುಂತ್ಕೊ. ಟೀ ಕುಡಿ."

ಮಹದೇವು ಕೂತ. ಕರಿಯಯ್ಯನ ಮಗಳು ಲೋಟ ತಂದು ಅವನ ಕೈಗೆ ಕೊಟ್ಟಳು. ಕೈ ನಡುಗಿ ಟೀ ಅಂಚು ದಾಟಿ ಚೆಲ್ಲತೊಡಗಿತು. ಕರಿಯಯ್ಯ ತನ್ನ ಎಡಗೈಯನ್ನು ಚಾಚಿ, ಅವನು ಕುಡಿದು ಮುಗಿಸುವವರೆಗೆ ಆ ಲೋಟವನ್ನು ಹಿಡಿದುಕೊಂಡಿದ್ದ.